ತೊಗರಿ ಕಟ್ಟಿಗೆಯ ಕೆಳಗಿನ ನೆಲ

ನವೆಂಬರ್ 10, ಸೋಮವಾರ

ಇಂದಿನಿಂದ ನಾನು ಸ್ವಂತ ದುಡಿಮೆಯ ಹೆಣ್ಣು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದಿದ್ದೆ. ಆದರೆ ಹೆಮ್ಮೆ ಮಧ್ಯಮವರ್ಗದ ರೋಗ ಎಂದು ಓದಿದ್ದೇನೆ, ಆದ್ದರಿಂದ ಸಣ್ಣದಾಗಿಯೇ ಬರೆಯುತ್ತೇನೆ.

ಶಿವಪ್ರಕಾಶ ಅವರ ಸರ್ವೆ ಆಫೀಸು ಎಂದರೆ ಆಳಂದದ ಬಜಾರದಲ್ಲಿ ಬಟ್ಟೆ ಅಂಗಡಿಯ ಮೇಲಿನ ಒಂದು ಖೋಲಿ. ಎರಡು ಕಂಪ್ಯೂಟರ್, ಒಂದು ಡ್ರೋನ್, ಕಿಟಕಿಯಲ್ಲಿ ಚಹಾದ ಥರ್ಮಾಸು. ಒಳಗೆ ಕಾಲಿಟ್ಟ ಕೂಡಲೇ ನನ್ನ ನಿಲುವು ತಿಳಿಸಿದೆ. "ನಾ ಯಾರಿಗೂ ಸಾಹೇಬ್ರ, ಧಣಿ ಅನ್ನಂಗಿಲ್ಲ. ನಿಮಗ ಶಿವಪ್ರಕಾಶ ಅವರೇ ಅಂತೇನಿ."

ಅವರು ಮೌಸಿನಿಂದ ಕೈ ತೆಗೆಯದೆ, "ಏನರೆ ಅನ್ನವಾ, ಟೈಮಿಗೆ ಸರಿಯಾಗಿ ಬಾ" ಎಂದರು.

ಕೆಲಸ ಹೀಗಿದೆ. ಡ್ರೋನ್ ಹೊಲದ ಮೇಲೆ ಹಾರಿ ನೂರಾರು ಫೋಟೊ ತೆಗೆಯುತ್ತದೆ. ಸಾಫ್ಟ್‌ವೇರ್ ಅವನ್ನೆಲ್ಲ ಕೂಡಿಸಿ ಪರದೆಯ ಮೇಲೆ ನೆಲ ಮಾಡಿಕೊಡುತ್ತದೆ. ಆ ನೆಲ ನಾದಿದ ಕಣಕದ ಹಾಗೆ. ಬ್ರಷ್ಷಿನಿಂದ ಒತ್ತಿದರೆ ತಗ್ಗು ಬೀಳುತ್ತದೆ, ಎಳೆದರೆ ಏರುತ್ತದೆ, ಸವರಿದರೆ ಸಪಾಟಾಗುತ್ತದೆ. ಡ್ರೋನಿಗೆ ನೆಲ ಯಾವುದು, ನೆಲದ ಮೇಲಿನದು ಯಾವುದು ಎಂದು ಗೊತ್ತಾಗುವುದಿಲ್ಲ. ಎಮ್ಮೆ ಮಲಗಿದ್ದರೆ ಅದನ್ನೂ ದಿಬ್ಬ ಎಂದೇ ತಿಳಿಯುತ್ತದೆ. ನೆಲವಲ್ಲದ್ದನ್ನೆಲ್ಲ ತೆಗೆದು, ಖರೇ ನೆಲವನ್ನು ಉಳಿಸುವುದು ನನ್ನ ಕೆಲಸ. ಆಮೇಲೆ ಕಂಪನಿಯವರು ಆ ಫೈಲನ್ನು ನೋಡಿ ಎಲ್ಲಿ ಕೊರೆಯಬೇಕು, ಎಲ್ಲಿ ತುಂಬಬೇಕು ಎಂದು ಲೆಕ್ಕ ಹಾಕುತ್ತಾರೆ. ಯಂತ್ರ ಆ ಲೆಕ್ಕದಂತೆ ಹೊಲವನ್ನು ಹದ ಮಾಡುತ್ತದೆ.

ಸುಳ್ಳನ್ನು ತೆಗೆದು ಸತ್ಯವನ್ನು ಉಳಿಸುವ ಕೆಲಸ. ನನಗೆ ಹೇಳಿ ಮಾಡಿಸಿದ ಹಾಗಿದೆ.

ನವೆಂಬರ್ 13, ಗುರುವಾರ

ಸಾಫ್ಟ್‌ವೇರಿನಲ್ಲಿ ಒಬ್ಬ ಸೂರ್ಯನಿದ್ದಾನೆ. ಅವನನ್ನು ಎಲ್ಲಿ ಬೇಕಾದರೂ ಇಡಬಹುದು. ನೆತ್ತಿಯ ಮೇಲಿಟ್ಟರೆ ಹೊಲವೆಲ್ಲ ಒಂದೇ ಸಮ ಕಾಣುತ್ತದೆ. ಪಡುವಣಕ್ಕೆ ಇಳಿಸಿದರೆ ಒಂದೊಂದು ಬಣವೆ, ಒಂದೊಂದು ತಿಪ್ಪೆ, ಒಂದೊಂದು ಕಲ್ಲುಗುಪ್ಪೆಯೂ ಉದ್ದ ನೆರಳು ಚೆಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿದ್ದನ್ನೆಲ್ಲ ಸವರಿಹಾಕಿದೆ. ಮೇಲು ಕೀಳಿಲ್ಲದ ನೆಲವನ್ನು ನನ್ನ ಕೈಯಾರೆ ಮಾಡುತ್ತಿದ್ದೇನೆ ಎನಿಸಿ ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ.

ಹೊಲ ಮಾದನಹಿಪ್ಪರಗಾದ ಜಗದೇವಪ್ಪ ಎಂಬ ಭೂಮಾಲೀಕನದು. ಸೋಲಾರ್ ಕಂಪನಿಗೆ ಲೀಸಿಗೆ ಕೊಟ್ಟು ಈ ವರ್ಷ ಬೀಳು ಬಿಟ್ಟಿದ್ದಾನೆ. ಸೂರ್ಯನ ಬೆಳಕಿನಿಂದ ವಿದ್ಯುತ್ತು ಮಾಡುವುದಕ್ಕೆ ನನ್ನ ವಿರೋಧವಿಲ್ಲ, ಹೊಗೆಯಿಲ್ಲ, ಬೂದಿಯಿಲ್ಲ. ಆ ಬೆಳಕಿಗೂ ಒಬ್ಬ ಮಾಲೀಕ ಇರುತ್ತಾನಲ್ಲ ಎಂಬುದಷ್ಟೇ ಬೇಸರ.

ಆಫೀಸಿನ ನಿಯಮ ಸರಳ. ಕಲ್ಲು, ಸಿಮೆಂಟಿನ ಕಟ್ಟೆ ಇದ್ದರೆ ಉಳಿಸಬೇಕು. ಕಟ್ಟಿಗೆ, ಕಣಿಕೆ, ಸಗಣಿ, ಸಡಿಲ ಮಣ್ಣು ಹೋಗಬೇಕು. ಹೊಲದ ನಡುವೆ ಬೇವಿನ ಮರದ ಕೆಳಗೆ ಜಗದೇವಪ್ಪನ ಅಜ್ಜನನ್ನು ಹೂಳಿದ ಗದ್ದುಗೆ ಇದೆ. ಸುತ್ತ ಸಿಮೆಂಟಿನ ಕಟ್ಟೆ, ಮೇಲೆ ಫರಸಿ ಕಲ್ಲು. ನೂರಾರು ಜನರ ಬೆವರಿನ ಮೇಲೆ ಬದುಕಿದವನಿಗೆ ಸತ್ತ ಮೇಲೂ ಎತ್ತರದ ಆಸನ!

"ಇದನ್ನೂ ಸಪಾಟ ಮಾಡ್ಲೇನ್ರಿ?" ಎಂದು ಕೇಳಿದೆ.

"ಬ್ಯಾಡವಾ. ಅವರಜ್ಜ ಎದ್ದು ಬಂದು ನನಗ ಸಪಾಟ ಮಾಡ್ಯಾನು. ಲೀಸ್ ಕಾಗದದಾಗ ಬರದಾರ ಅದನ್ನ."

ಈಶಾನ್ಯ ಮೂಲೆಯಲ್ಲಿ ತೊಗರಿ ಕಟ್ಟಿಗೆಯ ಸಣ್ಣ ಗುಪ್ಪೆಯೊಂದಿತ್ತು. ಶಿವಪ್ರಕಾಶ ಅವರು ಇಣುಕಿ ನೋಡಿ, "ಒಲಿಗೆ ಕೂಡಿಟ್ಟಾರ, ಹೊಡಿ" ಎಂದರು. ಹೊಡೆದೆ.

ನವೆಂಬರ್ 17, ಸೋಮವಾರ

ವಿಚಾರವಾದಿಗಳ ಸಭೆಯಲ್ಲಿ ಹಂಚಿದ 'ಗೋರಿ, ಗದ್ದುಗೆ ಮತ್ತು ಗುಲಾಮಗಿರಿ' ಪುಸ್ತಿಕೆಯನ್ನು ಇನ್ನೊಮ್ಮೆ ಓದಿದೆ. ಸತ್ತವರನ್ನು ಪೂಜಿಸುವ ಸಮಾಜ ಬದುಕಿದವರನ್ನು ಮರೆಯುತ್ತದೆ ಎಂಬ ಸಾಲಿನ ಕೆಳಗೆ ಗೆರೆ ಹಾಕಿದೆ.

ನವೆಂಬರ್ 25, ಮಂಗಳವಾರ

ಫೈಲು ಹೋಯಿತು. ಹೈದರಾಬಾದಿನಿಂದ ಕಂಪನಿಯ ಎಂಜಿನಿಯರು ಫೋನು ಮಾಡಿ ನೆಲ ಬಹಳ ಸ್ವಚ್ಛವಾಗಿದೆ ಎಂದನಂತೆ. ಮನೆಗೆ ಬಂದು ಅವ್ವನಿಗೆ ಕೆಲಸದ ಸ್ವರೂಪವನ್ನು ವಿವರವಾಗಿ ತಿಳಿಸಿದೆ. ಅವಳು ಜಂಪರಿಗೆ ಗುಂಡಿ ಹಚ್ಚುತ್ತ ಕೇಳಿಸಿಕೊಂಡಳು.

"ಅಂದ್ರ ದಿನಾ ಕುಂತು ಮಂದಿ ನೆಲ ಸಾರಸ್ತಿ ಅಂದಂಗಾತು. ಮನ್ಯಾಗೂ ಒಮ್ಮೆರೆ ಸಾರಸಬೇ."

ಕಾರ್ಮಿಕಳ ಮನೆಯಲ್ಲೂ ಕಾರ್ಮಿಕಳಿಗೆ ಗೌರವವಿಲ್ಲ.

ಡಿಸೆಂಬರ್ 3, ಬುಧವಾರ

ಇಂದು ಶಿವಪ್ರಕಾಶ ಅವರ ಗಾಡಿಯ ಹಿಂದೆ ಕುಳಿತು ಆ ಹೊಲಕ್ಕೆ ಹೋದೆ. ಪರದೆಯ ಮೇಲೆ ಇಂಚಿಂಚು ಬಲ್ಲೆ, ಆದರೂ ಬದುವಿಗೆ ಬಂದು ನಿಂತಾಗ ಯಾವ ಕಡೆ ಯಾವುದೆಂದು ತಿಳಿಯಲಿಲ್ಲ. ಅಲ್ಲಿ ಗಾಳಿ ಇದೆ, ಮುಳ್ಳು ಇದೆ, ಎರೆಮಣ್ಣು ಚಪ್ಪಲಿ ಬಿಡುವುದಿಲ್ಲ.

ನನ್ನ ಫೈಲಿನ ಪ್ರಕಾರ ಕಂಪನಿಯವರು ಗೂಟ ಬಡಿದಿದ್ದರು. ಪ್ರತಿ ಗೂಟಕ್ಕೂ ಒಂದು ಕೆಂಪು ಬಟ್ಟೆಯ ಚೂರು. ಈಶಾನ್ಯ ಮೂಲೆಯಲ್ಲಿ ಮಾತ್ರ ಗೂಟಗಳಿರಲಿಲ್ಲ. ಅಲ್ಲಿ ಕಟ್ಟಿಗೆ ಗುಪ್ಪೆಯ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಕಿತ್ತ ಗೂಟಗಳು ಅವಳ ಕಾಲ ಬಳಿ, ಬಟ್ಟೆಯ ಚೂರುಗಳು ಒಪ್ಪವಾಗಿ ಮಡಚಿ ತೊಡೆಯ ಮೇಲೆ.

"ಗೂಟ ಯಾಕ ಕಿತ್ತಿ ಆಯಿ?" ಶಿವಪ್ರಕಾಶ ಅವರು ಕೇಳಿದರು.

"ನಿಮ್ಮಪ್ಪನ ಎದಿ ಮ್ಯಾಲ ನಾ ಬಂದು ಗೂಟ ಬಡದ್ರ ಬಿಡ್ತಿದ್ದೇನು ನೀ?"

"ಇದು ಕಟಗಿ ಗುಪ್ಪಿ ಅಲ್ಲೇನು?" ಎಂದೆ ನಾನು.

"ಕಟಗಿ ಮ್ಯಾಲ. ಕೆಳಗ ನಮ್ಮ ಮನಿಯವರು ಮಕ್ಕೊಂಡಾರ."

ಹೆಸರು ನಿಂಬೆವ್ವ. ಅವಳ ಗಂಡ ಹುಡುಗನಾಗಿದ್ದಾಗಿನಿಂದ ಸಾಯುವವರೆಗೆ ಜಗದೇವಪ್ಪನ ಮನೆಯಲ್ಲಿ ಆಳಾಗಿದ್ದ. ಇದೇ ಹೊಲದಲ್ಲಿ ದುಡಿದ, ಇದೇ ಹೊಲದಲ್ಲಿ ಸತ್ತ. ಆಗ ಇದ್ದ ಹಿರಿಯ ಧಣಿ, ಜಗದೇವಪ್ಪನ ಅಪ್ಪ, ಈ ಮೂಲೆ ತೋರಿಸಿ ಇಲ್ಲೇ ಇಡಿ ಎಂದನಂತೆ. ಕಲ್ಲಿಲ್ಲ, ಕಟ್ಟೆಯಿಲ್ಲ. ಎರೆನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ದನ ತುಳಿಯುತ್ತವೆ, ಹಂದಿ ಕೆದರುತ್ತವೆ. ಅದಕ್ಕೆಂದೇ ಮನೆಯವರು ಮಣ್ಣಿನ ಮೇಲೆ ತೊಗರಿ ಕಟ್ಟಿಗೆ ಹೊಚ್ಚುತ್ತಾರೆ.

ಸುಮ್ಮನಿರುವುದು ಸರಿಯಲ್ಲ ಎನಿಸಿತು. "ಆಯಿ, ಸತ್ತ ಮ್ಯಾಲ ದೇಹ ಬರೇ ಮಣ್ಣು. ಗೋರಿ ಪೂಜಿ ಮಾಡೂದು ಅಜ್ಞಾನ" ಎಂದು ಶುರು ಮಾಡಿದೆ.

"ಪೂಜಿ ಯಾರ ಮಾಡ್ಯಾರ ಬೇ? ನಾ ಬೈಯಾಕ ಬರ್ತೇನಿ."

"ಬೈಯಾಕ?"

"ಇದ್ದಾಗ ಬೈಯಾಕ ಎಲ್ಲಿ ಸಿಕ್ಕಾನ? ಹೊತ್ತು ಮೂಡೂದರಾಗ ಹೊಲಕ್ಕ, ಮುಳುಗಿದ ಮ್ಯಾಲ ಮನಿಗಿ, ಉಂಡಕೂಡ್ಲೆ ಗೊರಕಿ. ಈಗ ಸಿಕ್ಕಾನ. ಎಲ್ಲಿಗಿ ಹೋಗ್ತಾನ?"

ಇದಕ್ಕೆ ನನ್ನ ಪುಸ್ತಿಕೆಗಳಲ್ಲಿ ಉತ್ತರವಿಲ್ಲ. ಹುಡುಕಬೇಕು.

ಯಂತ್ರ ಬಂದರೆ ಆ ಮೂಲೆಯನ್ನು ಎರಡು ಅಡಿ ಕೊರೆಯುತ್ತದೆ, ಏಕೆಂದರೆ ಅಲ್ಲಿ ಏನೂ ಇಲ್ಲವೆಂದು ಫೈಲು ಹೇಳುತ್ತದೆ. ಧಣಿಯ ಅಜ್ಜನ ಗದ್ದುಗೆ ನನ್ನ ಫೈಲಿನಲ್ಲಿ ಅಂಗುಲದಷ್ಟೂ ತಪ್ಪದೆ ಇದೆ. ಆಳಿನದು ಇಲ್ಲ. ಅದನ್ನು ಅಳಿಸಿದ್ದು ಯಾವ ಧಣಿಯ ಕೈಯೂ ಅಲ್ಲ.

ಡಿಸೆಂಬರ್ 4, ಗುರುವಾರ

ಮೂಲ ಸ್ಕ್ಯಾನ್ ತೆರೆದೆ. ಅಲ್ಲಿರುವುದು ಕಟ್ಟಿಗೆಯ ಆಕಾರ ಮಾತ್ರ. ಕೆಳಗಿನ ಮಣ್ಣನ್ನು ಡ್ರೋನ್ ನೋಡಿಯೇ ಇಲ್ಲ. ಗುಪ್ಪೆಯನ್ನು ಸವರಿದಾಗ ನಾನು ಅಲ್ಲಿ ಇಟ್ಟ ನೆಲ ಅಕ್ಕಪಕ್ಕದಿಂದ ಎಳೆದು ತಂದ ಊಹೆ.

ಬ್ರಷ್ ತೆಗೆದುಕೊಂಡು ಒಂದು ದಿಬ್ಬ ಮಾಡಿದೆ. ತೀರ ಎತ್ತರವಾಯಿತು, ಇಳಿಸಿದೆ. ಉದ್ದ ಮಾಡಿದೆ. ಸೂರ್ಯನನ್ನು ಇಳಿಸಿ ನೆರಳು ನೋಡಿದೆ. ಚೆಂದವಾಗಿತ್ತು. ಶಿವಪ್ರಕಾಶ ಅವರು ಹಿಂದೆ ಬಂದು ನಿಂತಿದ್ದರು.

"ಇದು ಎಲ್ಲಿಂದ ಬಂತು?"

"ನಾ ಮಾಡ್ದೆ."

"ಅಳತಿ ತಗೊಂಡೀ ಏನು?"

"ಇಲ್ಲ."

"ಮತ್ತ ಇದು ಸುಳ್ಳ ಆತಲ್ಲವಾ."

ಅಳಿಸಿದೆ. ಫೈಲು ತಿದ್ದಬೇಕಾದರೆ ಕಟ್ಟಿಗೆ ತೆಗೆಸಿ ಹೊಸದಾಗಿ ಸ್ಕ್ಯಾನ್ ಮಾಡಬೇಕು, ಜೊತೆಗೆ ಅಲ್ಲಿ ಗೋರಿ ಇದೆ ಎಂದು ಹೊಲದ ಮಾಲೀಕ ಸಹಿ ಮಾಡಬೇಕು. ಎರಡೂ ಆದರೆ ಕಂಪನಿಯವರು ಆ ಜಾಗವನ್ನು ಬಿಟ್ಟು ಯಂತ್ರ ಓಡಿಸುತ್ತಾರಂತೆ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬ, ಮುಗಿಯುವವರೆಗೆ ಯಾವ ಡ್ರೈವರೂ ಬರುವುದಿಲ್ಲ. ಅಲ್ಲಿಯ ತನಕ ಪುರಸೊತ್ತು ಇದೆ.

ಡಿಸೆಂಬರ್ 8, ಸೋಮವಾರ

ಜಗದೇವಪ್ಪನ ಮನೆಗೆ ಹೋಗಿದ್ದೆವು. ದೊಡ್ಡ ಬಾಗಿಲು, ಪಡಸಾಲೆಯಲ್ಲಿ ಜೋಕಾಲಿ. ಅವನನ್ನು ಎದುರಿಸಲು ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ನೋಡಿದರೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತ ಒಬ್ಬ ಬಡಕಲು ಮನುಷ್ಯ.

"ಅಂವ ನಮ್ಮ ಮನ್ಯಾಂವ ಇದ್ದಂಗ ಇದ್ದ. ಇಲ್ಲ ಅನ್ನಂಗಿಲ್ಲ" ಎಂದ.

"ಇದ್ದಂಗ ಅಂದ್ರ ಏನ್ರಿ? ಮನ್ಯಾಂವೋ, ಅಲ್ಲೋ?"

"ಏ ಶಿವಪ್ರಕಾಶ, ಈ ಹುಡುಗಿಗಿ ಎಲ್ಲಿಂದ ಹಿಡಕೊಂಡ ಬಂದೀಯೋ?" ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ, "ನೋಡವಾ, ನನಗೇನು ಅವನ ಮ್ಯಾಲ ಸಿಟ್ಟಿಲ್ಲ. ನಕಾಶಿದಾಗ ಗೋರಿ ಅಂತ ಬಿತ್ತಂದ್ರ, ನಾಳೆ ಅವನ ಮೊಮ್ಮಕ್ಕಳು ಬಂದು ಇದು ನಮ್ಮ ಜಾಗಾ ಅಂತಾರ. ನಾ ಇರೂತನಕ ಸರಿ. ನನ್ನ ಹಿಂದ ನನ್ನ ಮಕ್ಕಳು ಕೋರ್ಟಿಗಿ ಅಡ್ಡಾಡಬೇಕೇನು? ಅಲ್ಲಿಂದ ಒಂದು ಬುಟ್ಟಿ ಮಣ್ಣು ತಗೊಂಡು ಹಳ್ಳದ ದಂಡಿಗಿ ಇಡ್ರಿ. ಮ್ಯಾಲ ಕಲ್ಲು ನಾನೇ ಕೂಡಸ್ತೇನಿ, ಕೆತ್ತಿಸಿದ ಕಲ್ಲು."

ನಾನು ನಾಲ್ಕೂ ವಾಕ್ಯ ಹೇಳಿದೆ. ಜೀತ, ಪಾಳೇಗಾರಿಕೆ, ಸತ್ತವನ ಮೇಲೂ ಒಡೆತನ. ದನಿ ಏರಿತು. ಅವನ ಹೆಂಡತಿ ಸುಮಿತ್ರಾಬಾಯಿ ಚಹಾದ ಬಟ್ಟಲು ಹಿಡಿದು ನನ್ನ ಎದುರೇ ನಿಂತಿದ್ದಳು.

"ಕುಡದು ಬೈಯವ್ವಾ, ಆರಿ ಹೋಗ್ತದ" ಎಂದಳು.

ಕುಡಿದೆ. ಕುಡಿದ ಮೇಲೆ ಬೈಯುವುದು ಆಗಲಿಲ್ಲ. ಜಗದೇವಪ್ಪ ಸಹಿ ಮಾಡುವುದಿಲ್ಲ ಎಂದು ಮೂರು ಸಲ ಹೇಳಿದ, ಮೂರು ಸಲವೂ ಸಮಾಧಾನದಿಂದಲೇ.

ಡಿಸೆಂಬರ್ 10, ಬುಧವಾರ

ಕರಪತ್ರ ಬರೆದೆ. ತಲೆಬರಹ ಚೆನ್ನಾಗಿತ್ತು. ಅದನ್ನು ಯಾರ ಕೈಗೆ ಕೊಡಬೇಕೆಂದು ಯೋಚಿಸಿದೆ. ಓದಬೇಕಾದವನಿಗೆ ಮೊಣಕಾಲು ನೋವು, ಓದಿಸಬೇಕಾದವಳಿಗೆ ಓದು ಬಾರದು. ಹರಿದು ಹಾಕಿದೆ.

ಡಿಸೆಂಬರ್ 12, ಶುಕ್ರವಾರ

ಒಬ್ಬಳೇ ಬಸ್ ಹಿಡಿದು ಮಾದನಹಿಪ್ಪರಗಾಕ್ಕೆ, ನಿಂಬೆವ್ವನ ಮನೆಗೆ ಹೋದೆ. ಸ್ಕ್ಯಾನ್ ಮಾಡಲು ಒಂದು ತಾಸಿನ ಮಟ್ಟಿಗೆ ಕಟ್ಟಿಗೆ ತೆಗೆಯಲಿ ಎಂದು ಕೇಳಬೇಕಿತ್ತು. ಮಗ ಸೈದಪ್ಪನೂ ಇದ್ದ. ಆಳಂದದ ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾನೆ. ನಮ್ಮ ಆಫೀಸಿನ ಕೆಳಗಿನ ಹೋಟೆಲಿನಲ್ಲೇ ದಿನಾ ಚಹಾ ಕುಡಿಯುತ್ತಾನಂತೆ. ನಾನು ಒಮ್ಮೆಯೂ ನೋಡಿಲ್ಲ.

"ಈಗ ತೆಗ್ಯಾಕ ಬರಂಗಿಲ್ಲ ಬೇ" ಎಂದಳು ನಿಂಬೆವ್ವ. "ಎಳ್ಳಮಾಸಿ ದಿನಾ ತೆಗೀತೇವಿ. ಹಳೆ ಕಟಗಿ ತಗದು, ಸವಳ ಮಣ್ಣು ಕೊಟ್ಟು, ಹೊಸಾ ಕಟಗಿ ಹೊಚ್ಚತೇವಿ. ನಡುವ ಹೊಚ್ಚಿಗಿ ಎಳದ್ರ ಥಂಡಿಗಿ ಎದ್ದು ಕೂಡ್ರತಾನ ಅಂವ."

"ಎದ್ದು ಕುಂತ್ರ ಮನಿಗಿ ಕರಕೊಂಡ ಬರೋಣ ಬಿಡು" ಎಂದ ಸೈದಪ್ಪ.

"ಬ್ಯಾಡೋ ಯಪ್ಪಾ. ಅಲ್ಲೇ ಇರಲಿ, ಗೊರಕಿ ತ್ರಾಸಿಲ್ಲ."

ಸವಳು ಮಣ್ಣು ಎಂದರೆ ಮಾಳಿಗೆಗೆ ಹಾಕುವ ಬಿಳಿಚ ಮಣ್ಣು. ನೀರು ಒಳಗಿಳಿಯಗೊಡುವುದಿಲ್ಲ. ತಮ್ಮ ಮಾಳಿಗೆಯ ಮೇಲೆ ಏನು ಹಾಕುತ್ತಾರೋ ಅವನ ಮೇಲೂ ಅದನ್ನೇ ಹಾಕುತ್ತಾರೆ.

ಇದು ಮೂಢನಂಬಿಕೆಯ ಯಾವ ಜಾತಿಗೆ ಸೇರುತ್ತದೆ ಎಂದು ಕೇಳುವುದರೊಳಗೆ ರೊಟ್ಟಿ, ಪುಂಡಿ ಪಲ್ಯ ಮುಂದೆ ಬಂತು. ಎರಡು ರೊಟ್ಟಿ ತಿಂದೆ. ಬಸ್ಸು ತಪ್ಪಿತು. ಸೈದಪ್ಪ ಯಾರದೋ ಗಾಡಿಯಲ್ಲಿ ಆಳಂದಕ್ಕೆ ತಂದು ಬಿಟ್ಟ.

ಡಿಸೆಂಬರ್ 16, ಮಂಗಳವಾರ

ಪುಸ್ತಿಕೆಯಲ್ಲಿ ಗೆರೆ ಹಾಕಿದ ಸಾಲನ್ನು ಹುಡುಕಿದೆ. ಸಾಲು ಸರಿಯಾಗಿಯೇ ಇದೆ. ಬರೆದವರು ನಿಂಬೆವ್ವನನ್ನು ಬಲ್ಲವರಲ್ಲ, ಅಷ್ಟೇ.

ಡಿಸೆಂಬರ್ 19, ಶುಕ್ರವಾರ

ಎಳ್ಳಮಾಸಿ. ಪ್ರತಿ ವರ್ಷ ಅವ್ವ ಕರೆದಾಗಲೆಲ್ಲ ಹೊಲಕ್ಕೆ ಬರುವುದಿಲ್ಲ ಎನ್ನುತ್ತಿದ್ದವಳು ನಾನು. ಇವತ್ತೂ ಹಬ್ಬಕ್ಕೆ ಹೋಗುತ್ತಿಲ್ಲ, ಅಳತೆಗೆ ಹೋಗುತ್ತಿದ್ದೇನೆ ಎಂದು ಸ್ಪಷ್ಟಪಡಿಸಿದೆ. "ಅಳತಿ ಮಾಡವರಿಗೂ ಹಸಿವ್ಯಾಗ್ತದ" ಎಂದು ಅವ್ವ ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು.

ದಾರಿಯುದ್ದಕ್ಕೂ ಹೊಲಗಳಲ್ಲಿ ಜನ. ತೊಗರಿಯ ಸಾಲುಗಳ ನಡುವೆ ಬಣ್ಣದ ಸೀರೆಗಳು, ಹೊಲಕ್ಕೆ ಎಡೆಯ ಚರಗ ಚೆಲ್ಲುವವರ ಕೂಗು. ಜಗದೇವಪ್ಪನ ಹೊಲದಲ್ಲಿ ಬೆಳೆಯೇ ಇಲ್ಲ. ಆದರೂ ಅವನ ಮನೆಯವರೆಲ್ಲ ಬಂದು ಬೇವಿನ ಕೆಳಗೆ ಕಂಬಳಿ ಹಾಸಿದ್ದರು. ಈ ಹೊಲದಲ್ಲಿ ಅವರಿಗೆ ಇದು ಕೊನೆಯ ಎಳ್ಳಮಾಸಿ. ಬೀಳು ನೆಲಕ್ಕೇ ಚರಗ ಚೆಲ್ಲಿದರು.

ಈಚೆ ಮೂಲೆಯಲ್ಲಿ ನಾವು. ಶಿವಪ್ರಕಾಶ ಅವರು ಡ್ರೋನ್ ತಂದಿದ್ದರು. ಸೈದಪ್ಪ ಕಟ್ಟಿಗೆಯನ್ನು ಹೊರೆ ಹೊರೆಯಾಗಿ ಎತ್ತಿ ಬದಿಗಿಟ್ಟ. ಕೊನೆಯ ಹೊರೆ ಎತ್ತಿದಾಗ ಕೆಳಗೆ ಏನೂ ಇರಲಿಲ್ಲ.

ದಿಬ್ಬ ಇರಲಿಲ್ಲ. ಸುತ್ತಲಿನ ಹೊಲದ ಹಾಗೇ ಸಮ ನೆಲ, ಒಂದು ಕಡೆ ಬೊಗಸೆಯಷ್ಟು ತಗ್ಗು ಕೂಡ. ನನ್ನ ಫೈಲಿನಲ್ಲಿ ನಾನು ಊಹೆಯಿಂದ ಸವರಿದ ನೆಲ ಹೇಗಿತ್ತೋ ಹಾಗೇ ಇತ್ತು. ನನ್ನ ಫೈಲು ಸರಿಯಾಗಿತ್ತು. ಇಷ್ಟು ದಿನ ಯಾವುದನ್ನು ತಪ್ಪೆಂದು ತಿಳಿದು ಓಡಾಡಿದೆನೋ ಅದು ತಪ್ಪೇ ಆಗಿರಲಿಲ್ಲ.

"ಈ ಸಲ ಮಳಿ ಭಾಳ ಆತು. ಒಳಗಿಂದ ಕುಸದದ" ಎಂದ ಸೈದಪ್ಪ.

ಶಿವಪ್ರಕಾಶ ಅವರು ನನ್ನ ಕಿವಿಯಲ್ಲಿ, "ಇದನ್ನ ಸ್ಕ್ಯಾನ್ ಮಾಡಿದ್ರ ನಿನ್ನ ಹಳೆ ಫೈಲೇ ಬರ್ತದ. ಏನ್ ಮಾಡ್ಲಿ?" ಎಂದರು.

ಜಗದೇವಪ್ಪ ಕೋಲೂರುತ್ತ ಬಂದು ನೋಡಿದ. "ಇಲ್ಲೇನದರಿ ಮತ್ತ? ನೆಲ ಅದ" ಎಂದ. ಚುಚ್ಚುವ ಮಾತಲ್ಲ, ಅವನಿಗೂ ಆಶ್ಚರ್ಯವಾದ ಹಾಗಿತ್ತು. ಅವನು ಹೇಳಿದ್ದು ಸತ್ಯ. ಸುಳ್ಳನ್ನು ತೆಗೆದು ಸತ್ಯವನ್ನು ಉಳಿಸುವುದೇ ನನ್ನ ಕೆಲಸ ಎಂದು ಬರೆದವಳು ನಾನು.

ನಿಂಬೆವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. "ಯಾಕ ಹಂಗ ನಿಂತೀರಿ ಎಲ್ಲಾರು, ಭೂತ ಕಂಡವರಂಗ? ವರ್ಷಾ ಇಷ್ಟ ಅದ. ಅಂವ ಇಳೀತಾನ, ನಾವು ಏರಸ್ತೇವಿ. ಸೈದ್ಯಾ, ಬುಟ್ಟಿ ತಾ."

ಸೈದಪ್ಪ ಮೊದಲ ಬುಟ್ಟಿ ಸವಳು ಮಣ್ಣು ಸುರಿದ. ಕಪ್ಪು ನೆಲದ ಮೇಲೆ ಬಿಳಿ ಮಣ್ಣು ಎದ್ದು ಕಂಡಿತು. ಆಗ ಬೇವಿನ ಕೆಳಗೆ ಎಲ್ಲರಿಗೂ ಬಡಿಸುತ್ತಿದ್ದ ಸುಮಿತ್ರಾಬಾಯಿ ಭಜ್ಜಿಯ ಬೋಗುಣಿ ಕೆಳಗಿಟ್ಟು ಎದ್ದು ಬಂದಳು. ಕೈ ತೊಳೆದುಕೊಂಡು, ಬುಟ್ಟಿಯಿಂದ ಎರಡು ಬೊಗಸೆ ಮಣ್ಣು ತೆಗೆದು ಹಾಕಿದಳು.

"ಮಣ್ಣು ಕೊಡೂದು ಕಂಡ ಮ್ಯಾಲ ಕೊಡದ ಹೋಗಬಾರ್ದು" ಎಂದಳು, ಗಂಡನ ಮುಖ ನೋಡದೆ. "ನಾ ಲಗ್ನಾಗಿ ಬಂದಾಗ ಗಾಡಿ ಹೊಡಕೊಂಡ ಬಂದಾಂವ ಇವನೇ. ಹಳ್ಳದಾಗ ಗಾಲಿ ಹುಗದಾಗ ನನಗ ಇಳಿಗೊಡಲಿಲ್ಲ. ತಾನೇ ಹೆಗಲ ಕೊಟ್ಟ."

ಇದು ಈ ಕಡೆಯ ರೂಢಿ. ಯಾರದೇ ಮಣ್ಣಾಗಲಿ, ಶತ್ರುವಿನದೇ ಆಗಲಿ, ಕೊಡುತ್ತಿರುವುದು ಕಣ್ಣಿಗೆ ಬಿದ್ದರೆ ಒಂದು ಹಿಡಿ ಕೊಟ್ಟೇ ಮುಂದೆ ಹೋಗಬೇಕು. ಕೊಟ್ಟವರು ಸತ್ತವನ ಪಾಲಿಗೆ ಮನೆಯವರಾಗುತ್ತಾರೆ. ಜಗದೇವಪ್ಪ ಕೋಲಿನ ಮೇಲೆ ಭಾರ ಬಿಟ್ಟು ನಿಂತೇ ಇದ್ದ. ಬೇವಿನ ಕೆಳಗೆ ಅವನ ಮಕ್ಕಳು ಸೊಸೆಯಂದಿರು ಊಟ ನಿಲ್ಲಿಸಿ ಇತ್ತ ನೋಡುತ್ತಿದ್ದರು. ಕೊನೆಗೆ ಜಗದೇವಪ್ಪನವರು ಚಪ್ಪಲಿ ಬಿಟ್ಟರು. ಕೋಲನ್ನು ನನ್ನ ಕೈಗೆ ಕೊಟ್ಟು, ಬಗ್ಗಲಾಗದೆ ಬಗ್ಗಿ, ಒಂದು ಹಿಡಿ ಹಾಕಿದರು. ಆಮೇಲೆ ಇನ್ನೊಂದು.

"ಅವಂಗ ಎಡಮಗ್ಗಲಾಗಿ ಮಕ್ಕೊಳೋ ಚಟ ಇತ್ತು. ಕಣದಾಗ ಇಬ್ಬರೂ ಮಕ್ಕೊತಿದ್ದಿವಿ, ಸಣ್ಣವರಿದ್ದಾಗ" ಎಂದರು ಸೈದಪ್ಪನಿಗೆ. "ಆ ಕಡಿ ಜರಾ ಹೆಚ್ಚ ಹಾಕು."

ಬುಟ್ಟಿ ಖಾಲಿಯಾದಾಗ ನಾನು ಚೀಲದಿಂದ ಇನ್ನೊಂದು ತುಂಬಿ ತಂದು ಸುರಿದೆ. ದಿಬ್ಬ ಸ್ಕ್ಯಾನಿನಲ್ಲಿ ಸರಿಯಾಗಿ ಕಾಣಬೇಕಿತ್ತು, ಅಷ್ಟಕ್ಕೇ.

ಡ್ರೋನ್ ಹಾರಿತು. ಮಕ್ಕಳೆಲ್ಲ ಅದರ ಹಿಂದೆ ಓಡಿದವು. ಎಲ್ಲರೂ ಬೇವಿನ ಕೆಳಗೆ ಕೂತು ಉಂಡೆವು, ನಮ್ಮ ಅವ್ವನ ಭಜ್ಜಿಯನ್ನೂ ಹಂಚಿದೆ. ಕೈ ಒರೆಸಿಕೊಳ್ಳುತ್ತ ಜಗದೇವಪ್ಪನವರು, "ಹಾಕವಾ ನಕಾಶಿದಾಗ. ಮಣ್ಣು ಕೊಟ್ಟ ಕೈಲೆ ಇಲ್ಲ ಅಂತ ಹೆಂಗ ಬರೀಲಿ?" ಎಂದರು.

"ಮತ್ತ ಜಾಗಾ ಕೇಳ್ತಾರ ಅಂದಿದ್ರೆಲ್ಲ ಕಾಕಾ?" ಎಂದೆ.

ನಿಂಬೆವ್ವ ರೊಟ್ಟಿ ಮುರಿಯುತ್ತ ಉತ್ತರ ಕೊಟ್ಟಳು. "ಮಕ್ಕೊಂಡಷ್ಟ ಜಾಗಾ ಸಾಕ್ರಿ ಅವಂಗ. ಅದಕ್ಕಿಂತ ಹೆಚ್ಚು ಜೀವಂತ ಇದ್ದಾಗೂ ಕೇಳಿದಾಂವ ಅಲ್ಲ."

ಜಗದೇವಪ್ಪನವರು ಭಜ್ಜಿ ಇನ್ನಷ್ಟು ಬಡಿಸಿಕೊಂಡರು.

ಡಿಸೆಂಬರ್ 22, ಸೋಮವಾರ

ಹೊಸ ಸ್ಕ್ಯಾನಿನಲ್ಲಿ ದಿಬ್ಬ ಸ್ಪಷ್ಟವಾಗಿದೆ. ಸೂರ್ಯನನ್ನು ಎಷ್ಟು ಮೇಲಿಟ್ಟರೂ ಕಾಣುತ್ತದೆ. ಬ್ರಷ್ ಮುಟ್ಟಿಸಲಿಲ್ಲ. ಎಡಗಡೆ ಜರಾ ಎತ್ತರ ಇದೆ, ಹಾಗೇ ಬಿಟ್ಟೆ. ಸುತ್ತ ಯಂತ್ರ ಬರಬಾರದ ಗೆರೆ ಎಳೆದೆ. ಜಗದೇವಪ್ಪನವರ ಸಹಿಯೂ ಬಂತು.

ಗೆರೆಯೊಳಗಿನ ಜಾಗಕ್ಕೆ ಸಾಫ್ಟ್‌ವೇರ್ ಒಂದು ಹೆಸರು ಕೇಳಿತು. 'ಗೋರಿ' ಎಂದು ಹಾಕಬಹುದಿತ್ತು. ಆಗ ಹೊಳೆಯಿತು, ಇಷ್ಟು ದಿನ ಅವನ ಹೆಸರನ್ನೇ ನಾನು ಕೇಳಿಲ್ಲ. ಸೈದಪ್ಪನ ಫೋನಿಗೆ ಮಾಡಿದೆ. ನಿಂಬೆವ್ವ ಎತ್ತಿದಳು.

"ಆಯಿ, ನಿಮ್ಮ ಮನಿಯವರ ಹೆಸರೇನು?"

"ಅಯ್ಯ, ಇದೇನ ಕೇಳ್ತೀ ಬೇ! ಗಂಡನ ಹೆಸರ ಹೇಳ್ತಾರೇನು?"

"ಒಮ್ಮೆಯೂ ಹೇಳಿಲ್ಲೇನು?"

"ಲಗ್ನದಾಗ ಹೆಣ್ಣಮಕ್ಕಳು ಬಾಗಲಾ ಹಿಡಕೊಂಡು ಬಿಡಲಿಲ್ಲ, ಒಡಪು ಹಾಕಿ ಒಮ್ಮೆ ಹೇಳೇನಿ. ಮುಗೀತು ಅದು."

ಗಂಡನ ಹೆಸರು ಹೇಳದಿರುವ ಪದ್ಧತಿಯ ಬಗ್ಗೆ ನನ್ನ ಹತ್ತಿರ ಒಂದು ಇಡೀ ಪುಸ್ತಿಕೆ ಇದೆ. "ಸೈದಪ್ಪಣ್ಣಗ ಕೊಡ್ರಿ ಫೋನು" ಎಂದೆ.

ಬೀರಣ್ಣ ಎಂದು ಹೇಳಿದ. ಹಾಗೇ ಬರೆದು ಫೈಲು ಕಳಿಸಿದೆ.

ಜನವರಿ 7, ಬುಧವಾರ

ಯಂತ್ರ ಬಂದು ಎರಡು ದಿನವಾಯಿತು. ಇಂದು ನೋಡಲು ಹೋಗಿದ್ದೆ. ಶಿವಪ್ರಕಾಶ ಅವರು ಕರೆಯಲಿಲ್ಲ, ನಾನೇ ಹೋದೆ. ಮುಂದಿನ ಕೆಲಸ ಅಫಜಲಪುರದ ಕಡೆ, ಮಣ್ಣೂರಿನ ಹೊಳೆದಂಡೆಯ ಹೊಲ. ಡ್ರೋನ್ ಹಾರಿಸುವ ಮೊದಲು ಒಂದು ದಿನ ಅಲ್ಲಿ ನಡೆದಾಡಿ ಬರುತ್ತೇನೆ ಎಂದು ಅವರಿಗೆ ಹೇಳಿದ್ದೇನೆ. ಬಸ್ ಚಾರ್ಜು ಕೊಡುವುದಿಲ್ಲ ಎಂದಿದ್ದಾರೆ.

ಹೊಲದ ಅರ್ಧ ಆಗಲೇ ಸಪಾಟಾಗಿದೆ. ಬೇವಿನ ಮರ, ಗದ್ದುಗೆ ಹಾಗೇ ಇವೆ. ಈಚೆ ಮೂಲೆಯಲ್ಲಿ ಹೊಸ ತೊಗರಿ ಕಟ್ಟಿಗೆ ಹೊಚ್ಚಿದ ದಿಬ್ಬ, ಸುತ್ತ ಬಿಟ್ಟ ಜಾಗ. ನಿಂಬೆವ್ವ ಬದುವಿನ ಮೇಲೆ ಕೂತು ಯಂತ್ರ ತಿರುಗುವುದನ್ನು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

ನಕ್ಷೆಯಲ್ಲಿದ್ದ ಹೆಸರು ಕೆಲಸದವರ ಬಾಯಿಗೆ ಹತ್ತಿಬಿಟ್ಟಿದೆ. ಯಾರು, ಏನು ಎಂದು ಅವರಿಗೆ ತಿಳಿಯದು. ಯಂತ್ರ ಓಡಿಸುವ ಬಿಲಾಲ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದ: "ಬೀರಣ್ಣನ ಹಿಂದ ಇನ್ನ ತುಂಬಬೇಕ್ರೋ!" ಆಚೆಯಿಂದ ಇನ್ನೊಬ್ಬ: "ಪೈಪು ಎಲ್ಲಿ ಇಳಸೀರಿ?" "ಬೀರಣ್ಣನ ಹಂತ್ಯಾಕ!"

"ಮುಂಜಾನಿಂದ ಹಿಂಗ ಕರ್ಯಾಕತ್ತಾರ" ಎಂದಳು ನಿಂಬೆವ್ವ. "ಈ ಹೊಲದಾಗ ಏ ಹುಡುಗಾ, ಏ ಇವನ, ಬಾ ಇಲ್ಲಿ ಅಂತನೇ ಕರದ್ರು, ಮುದುಕ ಆಗೂತನಕ. ಈಗ ನೋಡು, ಹೆಸರ ಹಿಡದು! ಓ ಅಂತಾನೇನ ಅಂತ ಕಿವಿ ಕೊಟ್ಟು ಕುಂತೇನಿ."

ಮಧ್ಯಾಹ್ನದ ಹೊತ್ತಿಗೆ ನೀರಿನ ಟ್ಯಾಂಕರೊಂದು ರಸ್ತೆಯಲ್ಲಿ ಬಂದು ನಿಂತಿತು. ಜೇವರ್ಗಿ ಕಡೆಯ ಹೊಸ ಡ್ರೈವರು. ಎಂಜಿನ್ ಸದ್ದಿನ ಮೇಲೆ ದನಿ ಎತ್ತರಿಸಿ ಕೇಳಿದ: "ಆಯಿ, ನೀರು ಎಲ್ಲಿ ಬಿಡಬೇಕು ಅಂದಾರ?"

ನಾನು ಹೇಳಲು ಬಾಯಿ ತೆರೆದೆ. ನಿಂಬೆವ್ವ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಬೀರಣ್ಣನ ಬಾಜೂಕ" ಎಂದಳು.

ನಾನು ಅವಳ ಮುಖ ನೋಡಿದೆ.

"ಯಾಕ ಹಂಗ ನೋಡ್ತೀ ಬೇ? ಜಾಗಾದ ಹೆಸರ ಹೇಳಿದ್ರ ಏನಾಗ್ತದ?"

ಟ್ಯಾಂಕರಿನವನಿಗೆ ಕೇಳಿಸಿರಲಿಲ್ಲ. ಕಿವಿಗೆ ಕೈ ಹಚ್ಚಿ ಇನ್ನೊಮ್ಮೆ ಕೇಳಿದ. ನಿಂಬೆವ್ವ ಬದುವಿನ ಮೇಲೆ ಎದ್ದು ನಿಂತು, ಈ ಸಲ ಹೊಲವೆಲ್ಲ ಕೇಳುವ ಹಾಗೆ ಹೇಳಿದಳು.